ಚಿತ್ರಶಾಲೆಯ ಮೆಟ್ಟಿಲುಗಳು



ಕಾಶಿಯ ದಶಾಶ್ವಮೇಧ ಘಾಟನ್ನು ನಿಮ್ಮಲ್ಲಿ ಕೆಲವರು ಹಿರಿಯರೊಡನೆ ಹೋಗಿ ಕಂಡಿರಬಹುದು. ಉಳಿದವರು ಚಿತ್ರದಲ್ಲಿಯಾದರೂ ಕಂಡಿರುತ್ತೀರಿ. ಬ್ರಹ್ಮನು ಇಲ್ಲಿ ಹತ್ತು ಅಶ್ವಮೇಧ ಯಾಗಗಳನ್ನು ಮಾಡಿದನೆಂದು ಪುರಾಣವು ಹೇಳುತ್ತದೆ. ಕನ್ನಡ ಯಾತ್ರಿಕರಿಗೆ ಈ ಸ್ಥಳವು ಹೊಸದಲ್ಲ; ವೀರಶೈವರ ಪಂಚಪೀಠಗಳಲ್ಲೊಂದಾದ ಜಂಗಮವಾಡಿ ಮಠವು ಇಲ್ಲಿಂದ ಬಹು ದೂರವಿಲ್ಲ. ಬೀದಿಯಿಂದ ಗಂಗೆಯ ನೀರಿನವರೆಗೆ ಸಾಲುಸಾಲಾಗಿ ಇಳಿದುಹೋಗುವ ಕಲ್ಲಿನ ಮೆಟ್ಟಿಲುಗಳೇ ಈ ಘಾಟಿನ ಶೋಭೆ. ಆದರೆ ಕಾಲಿನಲ್ಲಿ ಶಕ್ತಿಯುಳ್ಳವನಿಗೆ ಶೋಭೆಯಾಗಿರುವ ಆ ಮೆಟ್ಟಿಲುಗಳೇ ಶಕ್ತಿಯಿಲ್ಲದವನಿಗೆ ಗೋಡೆಯಾಗುತ್ತವೆ. ಈ ಪಾಠವನ್ನು ಆ ಮೆಟ್ಟಿಲುಗಳಿಂದಲೇ ಆರಂಭಿಸೋಣ.

ಒಂದು ಚಳಿಗಾಲದಲ್ಲಿ ನನ್ನ ಸೋದರಮಾವನವರನ್ನು ನಾನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆನು. ಅವರು ಊರಿನಲ್ಲಿ ಬಡಗಿಯ ಕೆಲಸ ಮಾಡಿದವರು. ಬಾಗಿಲುವಾಡದ ಮೇಲೆ ಬಳ್ಳಿ, ಗಿಳಿ, ಆನೆಗಳನ್ನು ಕೆತ್ತುವುದರಲ್ಲಿ ಹೆಸರಾಗಿದ್ದವರು. ಐವತ್ತು ವರ್ಷ ತುಂಬುವಷ್ಟರಲ್ಲಿ ಅವರ ಎರಡು ಕಣ್ಣುಗಳೂ ಹೋದುವು. ನನ್ನ ತೋಳನ್ನು ಹಿಡಿದು, ಒಂದೊಂದು ಮೆಟ್ಟಿಲನ್ನೂ ಎಣಿಸುತ್ತ ಅವರು ಇಳಿದರು. ಅರ್ಧ ದಾರಿಯಲ್ಲಿ ಅವರನ್ನು ಕೂರಿಸಿ ನಾನು ಕುಡಿಯುವ ನೀರು ತರಲು ಹೋದೆನು. ಮರಳಿ ಬರುವಷ್ಟರಲ್ಲಿ ಯಾವನೋ ಯಾತ್ರಿಕನು ಅವರ ಕೈಯಲ್ಲಿ ಐದು ರೂಪಾಯಿಯ ನಾಣ್ಯವೊಂದನ್ನು ಇಟ್ಟು ಹೋಗಿದ್ದನು. ಮಾವನವರು ಅದನ್ನು ಬೆರಳಿನಿಂದ ಸವರುತ್ತ, “ಪುಣ್ಯಾತ್ಮ ದುಡ್ಡು ಕೊಟ್ಟ ಕಣಪ್ಪಾ. ಆರತಿ ನಡೆಯೋ ಜಾಗಕ್ಕೆ ದಾರಿ ಯಾವುದು ಅಂತ ಕೇಳೋಣ ಅಂದರೆ ಅಷ್ಟರಲ್ಲಿ ಹೊರಟೇ ಹೋದ,” ಎಂದು ನಕ್ಕರು. ಕೊಟ್ಟವನ ಮನಸ್ಸು ಒಳ್ಳೆಯದೇ ಇರಬೇಕು. ಆದರೆ ನಮ್ಮ ಮಾವನವರಿಗೆ ಆಗ ಬೇಕಾಗಿದ್ದುದು ದಾನವಲ್ಲ, ದಾರಿ.

ಸಂಜೆ ಗಂಗೆಗೆ ಆರತಿಯಾಯಿತು. ಶಂಖದ ಧ್ವನಿ, ಘಂಟೆಗಳ ನಾದ, ಧೂಪದ ಪರಿಮಳ ಎಲ್ಲವೂ ಸೇರಿ ದಡವನ್ನೆಲ್ಲ ತುಂಬಿದವು. ಆರತಿಯ ತಟ್ಟೆ ಹತ್ತಿರ ಬಂದಾಗ ಮಾವನವರು ಅಂಗೈಗಳನ್ನು ಚಾಚಿ, ಜ್ವಾಲೆಯ ಬಿಸಿಯನ್ನು ಕಣ್ಣಿಗೊತ್ತಿಕೊಂಡು, “ನೋಡಿದೆ ಕಣಪ್ಪಾ, ಚೆನ್ನಾಗಿ ನೋಡಿದೆ,” ಎಂದರು.

ಆ ಮಾತನ್ನು ಕೇಳಿದಾಗ ಅದಕ್ಕಿಂತ ಹಿಂದಿನ ಒಂದು ದಿನವು ನನ್ನ ನೆನಪಿಗೆ ಬಂತು. ಅವರನ್ನು ಒಂದು ಚಿತ್ರಶಾಲೆಗೆ ಕರೆದುಕೊಂಡು ಹೋಗಿದ್ದೆನು. ಮರದ ಕೆತ್ತನೆಯ ಕಂಬವೊಂದರ ಕಡೆಗೆ ಅವರು ಕೈ ನೀಡಿದೊಡನೆ ಕಾವಲುಗಾರನು “ಮುಟ್ಟಬಾರದು” ಎಂದು ತಡೆದನು. ಮುಂದೆ ಒಂದು ಚಿತ್ರದ ಬಳಿ ನಿಂತು, “ಇಲ್ಲಿ ಏನಿದೆ?” ಎಂದು ಅವರು ನನ್ನನ್ನು ಕೇಳಿದರು. ನಾನು ಚೀಟಿಯಲ್ಲಿ ಬರೆದಿದ್ದ ಚಿತ್ರಕಾರನ ಹೆಸರನ್ನೂ ಇಸವಿಯನ್ನೂ ಓದಿ ಹೇಳಿದೆನು. “ಅದು ಮನೆಯ ವಿಳಾಸ ಆಯಿತು. ಮನೆಯೊಳಗೆ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ, ಅದನ್ನು ಹೇಳು,” ಎಂದರು. ಕನ್ನಡವನ್ನು ಕಲಿಸಿ ಬದುಕುವ ನಾನು ಒಂದು ಚಿತ್ರವನ್ನು ನಾಲ್ಕು ವಾಕ್ಯಗಳಲ್ಲಿ ಬಣ್ಣಿಸಲಾರದೆ ತಡವರಿಸಿದೆನು. ಅವರು ಹೆಚ್ಚು ಮಾತನಾಡದೆ ಹೊರಗೆ ಬಂದುಬಿಟ್ಟರು. ನದಿಯ ದಡದಲ್ಲಿ ಎಲ್ಲವನ್ನೂ ನೋಡಿದ ಮನುಷ್ಯನು ಚಿತ್ರಶಾಲೆಯಲ್ಲಿ ಏನನ್ನೂ ನೋಡದೆ ಹಿಂದಿರುಗಿದುದಕ್ಕೆ ಕಾರಣವೇನು? ಆರತಿಯು ಐದು ಇಂದ್ರಿಯಗಳೊಡನೆಯೂ ಮಾತನಾಡುತ್ತದೆ. ಚಿತ್ರಶಾಲೆಯು ಕಣ್ಣೊಂದರೊಡನೆ ಮಾತ್ರ ಮಾತನಾಡುತ್ತದೆ. ಕಾರಣವು ಇಷ್ಟೇ.

ಇದು ಒಬ್ಬಿಬ್ಬರ ಮಾತಲ್ಲ. ೨೦೧೧ರ ಜನಗಣತಿಯಂತೆ ನಮ್ಮ ದೇಶದಲ್ಲಿ ಅಂಗವೈಕಲ್ಯವುಳ್ಳವರ ಸಂಖ್ಯೆ ೨ ಕೋಟಿ ೬೮ ಲಕ್ಷ. ನಡೆಯಲಾರದವರು, ನೋಡಲಾರದವರು, ಕೇಳಲಾರದವರು, ಗ್ರಹಿಕೆಯಲ್ಲಿ ನಿಧಾನವಾಗಿರುವವರು, ಎಲ್ಲರೂ ಇದರಲ್ಲಿ ಸೇರಿದ್ದಾರೆ. ಇವರಿಗೆ ಚಿತ್ರಶಾಲೆಯ ಬಾಗಿಲನ್ನು ತೆರೆಯುವ ಬಗೆಯನ್ನು ಈಗ ಕ್ರಮವಾಗಿ ನೋಡೋಣ.

ಮೊದಲನೆಯದು ಕಾಲಿನ ದಾರಿ. ಗಾಲಿಕುರ್ಚಿಯಲ್ಲಿ ಬರುವವನಿಗೆ ಒಂದೇ ಒಂದು ಮೆಟ್ಟಿಲಿದ್ದರೂ ಅದು ಮುಚ್ಚಿದ ಬಾಗಿಲಿಗೆ ಸಮಾನ. ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರನ್ನು ಕಟ್ಟಬೇಕು. ಆದರೆ ಹೇಗೆಂದರೆ ಹಾಗೆ ಕಟ್ಟಿದರಾಗದು. ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದವಿರಬೇಕೆಂಬುದು ಎಲ್ಲೆಡೆ ಅನುಸರಿಸುವ ಲೆಕ್ಕ. ಆರು ಅಂಗುಲ ಎತ್ತರದ ಮೂರು ಮೆಟ್ಟಿಲುಗಳಿದ್ದರೆ ಇಳಿಜಾರಿನ ಉದ್ದವೆಷ್ಟಾಗಬೇಕು? ಒಂದೂವರೆ ಅಡಿಗೆ ಹದಿನೆಂಟು ಅಡಿ. ಇದಕ್ಕಿಂತ ಕಡಿದಾಗಿದ್ದರೆ ಹತ್ತುವವನ ತೋಳು ಸೋಲುತ್ತದೆ. ಇಳಿಯುವಾಗ ಕುರ್ಚಿಯು ಹಿಡಿತಕ್ಕೆ ಸಿಕ್ಕದೆ ಓಡುತ್ತದೆ. ಬಾಗಿಲಿಗೆ ಸುಮಾರು ಮೂರು ಅಡಿ ಅಗಲವೂ, ಒಳಗೆ ಕುರ್ಚಿಯನ್ನು ಪೂರ್ತಿ ತಿರುಗಿಸಲು ಐದು ಅಡಿ ಜಾಗವೂ ಬೇಕು. ಕುಳಿತವನ ಕಣ್ಣು ನಿಂತವನ ಕಣ್ಣಿಗಿಂತ ಕೆಳಗಿರುವುದರಿಂದ ಗಾಜಿನ ಪೆಟ್ಟಿಗೆಗಳನ್ನೂ ಚೀಟಿಗಳನ್ನೂ ತಗ್ಗಿಸಿ ಇಡಬೇಕು. ಅಲ್ಲಲ್ಲಿ ಕೂರುವುದಕ್ಕೆ ಬೆಂಚುಗಳಿದ್ದರೆ ಮುದುಕರಿಗೂ ಗರ್ಭಿಣಿಯರಿಗೂ ಉಪಕಾರವಾಗುತ್ತದೆ. ಒಬ್ಬರಿಗೆಂದು ಮಾಡಿದ ಅನುಕೂಲವು ಹಲವರಿಗೆ ಒದಗುವುದು ಹೀಗೆ.

ಹಳೆಯ ಕಟ್ಟಡಗಳ ವಿಷಯದಲ್ಲಿ ಈ ಕೆಲಸವು ಕಠಿನ. ದಶಾಶ್ವಮೇಧ ಘಾಟಿನ ಪಕ್ಕದಲ್ಲಿಯೇ ಇರುವ ಮಾನಮಹಲನ್ನು ನೋಡಿರಿ. ಅಂಬೇರಿನ ರಾಜಾ ಮಾನಸಿಂಹನು ಸುಮಾರು ೧೬೦೦ರಲ್ಲಿ ಇದನ್ನು ಕಟ್ಟಿಸಿದನು. ಹದಿನೆಂಟನೆಯ ಶತಮಾನದಲ್ಲಿ ಸವಾಯಿ ಜಯಸಿಂಹನು ಇದರ ಮಾಳಿಗೆಯ ಮೇಲೆ ಗ್ರಹ ನಕ್ಷತ್ರಗಳನ್ನು ವೀಕ್ಷಿಸುವ ಸಮ್ರಾಟ್ ಯಂತ್ರ, ಚಕ್ರ ಯಂತ್ರ ಮೊದಲಾದುವನ್ನು ಸ್ಥಾಪಿಸಿದನು. ೨೦೧೯ರಲ್ಲಿ ಈ ಮಹಲಿನಲ್ಲಿ ಕಾಶಿಯ ಸಂಸ್ಕೃತಿಯನ್ನು ಪರದೆ, ಧ್ವನಿ, ಬೆಳಕುಗಳ ಮೂಲಕ ತೋರಿಸುವ ಸಂಗ್ರಹಾಲಯವೊಂದು ಆರಂಭವಾಯಿತು. ಆಕಾಶವನ್ನು ನೋಡತಕ್ಕ ಯಂತ್ರಗಳು ಮಾಳಿಗೆಯ ಮೇಲೆಯೇ ಇರಬೇಕಷ್ಟೆ. ಅಲ್ಲಿಗೆ ಮೆಟ್ಟಿಲು ಹತ್ತಿಯೇ ಹೋಗಬೇಕು. ನಾಲ್ಕು ಶತಮಾನಗಳ ಗೋಡೆಯನ್ನು ಒಡೆದು ಲಿಫ್ಟ್ ಕೂಡಿಸುವುದು ಸುಲಭವೂ ಅಲ್ಲ, ಎಲ್ಲ ಕಡೆಯೂ ಯುಕ್ತವೂ ಅಲ್ಲ. ಇಂಥ ಕಡೆಗಳಲ್ಲಿ ಮನುಷ್ಯನು ಮೇಲಕ್ಕೆ ಹೋಗಲಾಗದಿದ್ದರೆ ಯಂತ್ರವೇ ಕೆಳಗೆ ಬರಬೇಕು. ಅಂದರೆ ಅದರ ಸಣ್ಣ ಮಾದರಿಯನ್ನು ಮಾಡಿಸಿ ಕೆಳಗಿನ ಅಂಗಳದಲ್ಲಿ ಮೇಜಿನ ಮೇಲೆ ಇಡಬಹುದು. ಕುಳಿತವನು ಅದನ್ನು ನೋಡಬಲ್ಲನು. ಕಣ್ಣಿಲ್ಲದವನು ಅದನ್ನು ಮುಟ್ಟಿ ತಿಳಿಯಬಲ್ಲನು.

ಇಲ್ಲಿಂದ ಎರಡನೆಯ ದಾರಿ, ಎಂದರೆ ಇಂದ್ರಿಯಗಳ ದಾರಿ ಮೊದಲಾಗುತ್ತದೆ. ಕುರುಡರು ಆನೆಯನ್ನು ಮುಟ್ಟಿದ ಕಥೆಯನ್ನು ನೀವೆಲ್ಲ ಓದಿದ್ದೀರಿ. ಶಾಸ್ತ್ರಕಾರರು ಅದನ್ನು ಅಂಧಗಜ ನ್ಯಾಯವೆಂದು ಕರೆದರು. ಕಾಲು ಮುಟ್ಟಿದವನು ಕಂಬವೆಂದನು, ಕಿವಿ ಮುಟ್ಟಿದವನು ಮೊರವೆಂದನು. ಕಥೆ ಕೇಳಿ ನಾವು ನಗುತ್ತೇವೆ. ಆದರೆ ಸ್ವಲ್ಪ ಯೋಚಿಸಿರಿ: ತಪ್ಪು ಆ ಮುಟ್ಟುವ ಕೈಯದೆ? ಒಬ್ಬೊಬ್ಬನಿಗೆ ಒಂದೊಂದೇ ಅಂಗವನ್ನು ಮುಟ್ಟಿಸಿ ಕಳುಹಿಸಿದವರದು ಆ ತಪ್ಪು. ಅವರ ಎರಡು ಕೈಗಳಲ್ಲಿ ಮಣ್ಣಿನ ಸಣ್ಣ ಆನೆಯೊಂದನ್ನು ಮೊದಲು ಕೊಟ್ಟು, “ಇದು ಇಡಿಯ ರೂಪ, ನಿಜವಾದುದು ನಿಮ್ಮ ಮನೆಯ ಮಾಡಿನಷ್ಟು ಎತ್ತರ,” ಎಂದು ಹೇಳಿ, ಆಮೇಲೆ ಆನೆಯ ಬಳಿಗೆ ಕರೆದುಕೊಂಡು ಹೋಗಿದ್ದರೆ ಆ ಜಗಳವೇ ಹುಟ್ಟುತ್ತಿರಲಿಲ್ಲ. ಇಂದಿನ ಸ್ಪರ್ಶಚಿತ್ರಶಾಲೆಗಳು ಮಾಡುತ್ತಿರುವುದು ಈ ಕೆಲಸವನ್ನೇ.

ಮೂಲವಸ್ತುವನ್ನೇ ಏಕೆ ಮುಟ್ಟಗೊಡುವುದಿಲ್ಲವೆಂದು ನೀವು ಕೇಳಬಹುದು. ನಮ್ಮ ಬೆರಳುಗಳಲ್ಲಿ ಉಪ್ಪೂ ಎಣ್ಣೆಯ ಅಂಶವೂ ಇರುತ್ತವೆ. ಸಾವಿರಾರು ಕೈಗಳು ಮುಟ್ಟಿದರೆ ಕಲ್ಲು ಕಪ್ಪಾಗುತ್ತದೆ, ಲೋಹ ಸವೆಯುತ್ತದೆ, ಬಣ್ಣ ಉದುರುತ್ತದೆ. ಆದುದರಿಂದ ಕಾವಲುಗಾರನ ಮಾತಿನಲ್ಲಿಯೂ ನ್ಯಾಯವಿದೆ. ಮುಟ್ಟಬಾರದೆಂದು ಹೇಳಿ ಸುಮ್ಮನಾಗದೆ, ಮುಟ್ಟಬಹುದಾದುದನ್ನು ಪಕ್ಕದಲ್ಲಿಡುವುದೇ ಇದಕ್ಕೆ ಪರಿಹಾರ. ಶಿಲ್ಪಕ್ಕೆ ಅಚ್ಚಿನಿಂದ ತೆಗೆದ ಪ್ರತಿಕೃತಿ. ಚಿತ್ರಕ್ಕೆ ಗೆರೆಗಳನ್ನು ಉಬ್ಬಿಸಿ ಮಾಡಿದ ಫಲಕ. ಚೀಟಿಗೆ ಬದಲು ಬ್ರೈಲ್ ಬರಹ. ಬ್ರೈಲ್ ಎಂಬುದು ಆರು ಚುಕ್ಕೆಗಳ ಲಿಪಿ. ಬಾಲ್ಯದಲ್ಲಿಯೇ ಕಣ್ಣು ಕಳೆದುಕೊಂಡ ಫ್ರಾನ್ಸಿನ ಲೂಯಿ ಬ್ರೈಲನು ನಿಮ್ಮ ವಯಸ್ಸಿನಲ್ಲಿಯೇ ಅದನ್ನು ರೂಪಿಸತೊಡಗಿದನು. ಕನ್ನಡ ಅಕ್ಷರಗಳನ್ನೂ ಅದೇ ಚುಕ್ಕೆಗಳಲ್ಲಿ ಬರೆಯುತ್ತಾರೆ.

ಇಟಲಿಯ ಆಂಕೋನಾ ನಗರದಲ್ಲಿ ಕಣ್ಣು ಕಾಣದ ದಂಪತಿಗಳ ಪ್ರಯತ್ನದಿಂದ ೧೯೯೩ರಲ್ಲಿ ಇಂಥ ಸಂಗ್ರಹಾಲಯವೊಂದು ಸ್ಥಾಪಿತವಾಯಿತು. ಅಂಧಕವಿಯೆಂದು ಪ್ರಸಿದ್ಧನಾದ ಹೋಮರನ ಹೆಸರನ್ನು ಅದಕ್ಕಿಟ್ಟರು. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ೨೦೧೫ರಲ್ಲಿ ‘ಅನುಭವ’ವೆಂಬ ಸ್ಪರ್ಶಶಾಲೆಯನ್ನು ತೆರೆದು, ಮುಟ್ಟಿ ನೋಡುವ ೨೨ ಪ್ರತಿಕೃತಿಗಳನ್ನಿಟ್ಟರು. ನಮ್ಮ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ೨೦೨೩ರಲ್ಲಿ ಆರಂಭವಾದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯವು ಸ್ಪರ್ಶಫಲಕ, ಬ್ರೈಲ್, ಧ್ವನಿವಿವರಣೆ, ಸನ್ನೆಭಾಷೆಯ ವಿವರಣೆಗಳಿಗೆ ಮೊದಲಿನಿಂದಲೂ ಗಮನ ಕೊಟ್ಟಿದೆ. ಕಿವಿ ಕೇಳದವರಿಗೆ ಮಾರ್ಗದರ್ಶಿಯ ಮಾತು ವ್ಯರ್ಥ. ಅವರಿಗೆ ಸನ್ನೆಭಾಷೆಯೂ ಬರಹವೂ ಬೇಕು. ಮಂದದೃಷ್ಟಿಯವರ ಕಷ್ಟವು ಇನ್ನೊಂದು ಬಗೆ. ಕಾಗದದ ಮೇಲಿನ ಚಿತ್ರಗಳ ಬಣ್ಣವು ಮಾಸದಿರಲೆಂದು ಅವುಗಳ ಮೇಲೆ ಸುಮಾರು ೫೦ ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತಾರೆ. ಆ ಮಬ್ಬಿನಲ್ಲಿ ಸಣ್ಣಕ್ಷರದ ಚೀಟಿಯನ್ನು ಓದುವುದು ಹೇಗೆ? ದಪ್ಪಕ್ಷರ, ಅಕ್ಷರಕ್ಕೂ ಹಿನ್ನೆಲೆಗೂ ಎದ್ದುಕಾಣುವ ಬಣ್ಣಭೇದ, ಕೈಗೆ ಒಂದು ಭೂತಗನ್ನಡಿ, ಇಷ್ಟಿದ್ದರೆ ಸಾಕು. ಇವು ಯಾವುವೂ ಬಹಳ ಖರ್ಚಿನವಲ್ಲ.

ಮೂರನೆಯದು ಮನಸ್ಸಿನ ದಾರಿ. ಇದೇ ಎಲ್ಲಕ್ಕಿಂತ ಕಷ್ಟದ್ದು. “ಕುರುಡನ ಕೈಗೆ ಕನ್ನಡಿ ಕೊಟ್ಟಂತೆ” ಎಂಬ ಗಾದೆ ನಮ್ಮಲ್ಲಿದೆ. ಕಣ್ಣಿಲ್ಲದವನಿಗೆ ಚಿತ್ರವೇಕೆಂಬ ಪ್ರಶ್ನೆಯೂ ಆ ಗಾದೆಯ ಮಗುವೇ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದೆಯೇ ಸಂಗೀತದ ಶಿಖರವನ್ನೇರಿ, ತಮ್ಮಂತಹ ಅನೇಕರಿಗೆ ವಿದ್ಯಾದಾನ ಮಾಡಿದರು. ಅದು ಸಂಗೀತ, ಕಿವಿಯ ವಿದ್ಯೆ ಎಂದು ನೀವು ಹೇಳಬಹುದು. ಹಾಗಾದರೆ ವಂಗದೇಶದ ವಿನೋದಬಿಹಾರಿ ಮುಖರ್ಜಿಯವರ ಚರಿತ್ರೆಯನ್ನು ಕೇಳಿರಿ. ೧೯೦೪ರಲ್ಲಿ ಹುಟ್ಟಿದ ಅವರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ, ಇನ್ನೊಂದು ಮಂದವಾಗಿತ್ತು. ಆ ದೃಷ್ಟಿಯಿಂದಲೇ ಅವರು ಶಾಂತಿನಿಕೇತನದ ಹಿಂದೀಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ಮಹಾಚಿತ್ರವನ್ನು ಬರೆದರು. ಕಾಶಿಯ ಕಬೀರ, ತುಳಸೀದಾಸರು ಅದರಲ್ಲಿದ್ದಾರೆ. ಅಂಧಕವಿ ಸೂರದಾಸರೂ ಇದ್ದಾರೆ. ಐವತ್ತರ ದಶಕದಲ್ಲಿ ಶಸ್ತ್ರಚಿಕಿತ್ಸೆಯೊಂದರ ತರುವಾಯ ಅವರ ದೃಷ್ಟಿ ಪೂರ್ತಿಯಾಗಿ ಹೋಯಿತು. ಅವರು ಕೈಕಟ್ಟಿ ಕೂರಲಿಲ್ಲ. ಬಣ್ಣದ ಕಾಗದಗಳನ್ನು ಕತ್ತರಿಸಿ ಅಂಟಿಸಿದರು; ೧೯೭೨ರಲ್ಲಿ ಶಾಂತಿನಿಕೇತನದ ಕಲಾಭವನಕ್ಕೆ ಬಿಲ್ಲೆಗಳ ದೊಡ್ಡ ಭಿತ್ತಿಚಿತ್ರವನ್ನೇ ರಚಿಸಿದರು. ಕಣ್ಣಿಲ್ಲದವನು ಚಿತ್ರವನ್ನು ಮಾಡಬಲ್ಲನಾದರೆ ಚಿತ್ರವನ್ನು ಸವಿಯಲಾರನೆ?

ಇದು ಈಗ ದಯೆಯ ಮಾತಾಗಿ ಉಳಿದಿಲ್ಲ. ವಿಶ್ವಸಂಸ್ಥೆಯು ೨೦೦೬ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಭಾರತವು ೨೦೦೭ರಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೆ ಅನುಗುಣವಾಗಿ ೨೦೧೬ರಲ್ಲಿ ಆದ ನಮ್ಮ ಕಾಯಿದೆಯ ೨೯ನೆಯ ಪ್ರಕರಣವು ಅಂಗವಿಕಲರಿಗೆ ಕಲೆಯು ಎಟುಕುವಂತೆ ಮಾಡತಕ್ಕದ್ದೆಂದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಕಾಯಿದೆಯು ಇಳಿಜಾರನ್ನು ಕಟ್ಟಿಸಬಹುದೇ ಹೊರತು ಪಕ್ಕದಲ್ಲಿ ನಿಂತು ಚಿತ್ರವನ್ನು ವರ್ಣಿಸಲಾರದು. ಆ ಕೆಲಸ ನಮ್ಮದು, ಅದರಲ್ಲಿಯೂ ಭಾಷೆಯನ್ನು ಕಲಿಯುವ ನಿಮ್ಮದು.

ಅದಕ್ಕೆ ಒಂದು ಉದಾಹರಣೆ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಎಸ್. ಎಲ್. ಹಲ್ದಣಕರರು ರಚಿಸಿದ, ದೀಪ ಹಿಡಿದ ಹೆಂಗಸಿನ ಜಲವರ್ಣಚಿತ್ರವಿದೆ. “ಬಹಳ ಸುಂದರವಾಗಿದೆ” ಎಂದರೆ ಕಣ್ಣಿಲ್ಲದವನಿಗೆ ಏನೂ ಹೇಳಿದಂತಾಗುವುದಿಲ್ಲ. ಹೀಗೆ ಹೇಳಿ ನೋಡಿರಿ: “ಕತ್ತಲಲ್ಲಿ ಸೀರೆಯುಟ್ಟ ತರುಣಿಯೊಬ್ಬಳು ನಿಂತಿದ್ದಾಳೆ. ಒಂದು ಕೈಯಲ್ಲಿ ದೀಪ. ಇನ್ನೊಂದು ಕೈಯನ್ನು ಜ್ವಾಲೆಗೆ ಮರೆಯಾಗಿ ಹಿಡಿದಿದ್ದಾಳೆ. ದೀಪ ಆರದಂತೆ ನೀವು ಕೈ ಅಡ್ಡ ಹಿಡಿದಾಗ ಅಂಗೈಗೆ ತಾಗುವ ಆ ಬಿಸಿಯೇ ಇಲ್ಲಿ ಅವಳ ಬೆರಳುಗಳ ಸಂದಿಯಲ್ಲಿ ಕೆಂಪಾಗಿ ತೋರುತ್ತದೆ. ಮುಖದ ಮೇಲೆ ಹೊನ್ನಿನ ಬೆಳಕಾಗಿ ಹರಡಿದೆ.” ಮೊದಲು ಇಡಿಯ ರೂಪ, ಆಮೇಲೆ ಅಂಗಾಂಗ, ಕೊನೆಗೆ ಕೇಳುವವನ ಅನುಭವದಲ್ಲಿರುವ ಒಂದು ಹೋಲಿಕೆ, ಇದೇ ಕ್ರಮ.

ಇದನ್ನು ನಾನು ಬಹಳ ತಡವಾಗಿ ಕಲಿತೆನು. ಕಾಶಿಯಿಂದ ಬಂದ ಮೇಲೆ ಒಂದು ದಿನ ಇದೇ ವರ್ಣನೆಯನ್ನು ಮಾವನವರ ಮುಂದೆ ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಅಂಗೈಯನ್ನು ಗಾಳಿಗೆ ಅಡ್ಡವಾಗಿ ಹಿಡಿದು, “ಬೆರಳನ್ನು ಇಷ್ಟು ಬಿಡಿಸಿಕೊಂಡಿದ್ದಾಳೆಯೋ, ಇನ್ನೂ ಸ್ವಲ್ಪ ಕೂಡಿಸಿಕೊಂಡಿದ್ದಾಳೆಯೋ?” ಎಂದು ಕೇಳಿದರು. ನಾನು ಚಿತ್ರವನ್ನು ಮತ್ತೆ ತೆರೆದು ನೋಡಬೇಕಾಯಿತು.

ಅಭ್ಯಾಸ

೧. ನಮ್ಮ ಶಾಲೆಯ ಬಾಗಿಲಿನ ಮೆಟ್ಟಿಲುಗಳ ಎತ್ತರವನ್ನು ಅಳೆಯಿರಿ. ಅಲ್ಲಿಗೆ ಎಷ್ಟು ಉದ್ದದ ಇಳಿಜಾರು ಬೇಕೆಂಬುದನ್ನು ಲೆಕ್ಕಮಾಡಿ ತಿಳಿಸಿರಿ.

೨. ನಿಮ್ಮ ಮನೆಯ ಗೋಡೆಯ ಮೇಲಿನ ಒಂದು ಚಿತ್ರವನ್ನು ಕಣ್ಣು ಮುಚ್ಚಿ ಕುಳಿತ ಗೆಳೆಯನಿಗೆ ಎಂಟು ವಾಕ್ಯಗಳಲ್ಲಿ ವರ್ಣಿಸಿರಿ. ‘ಸುಂದರ’ ಎಂಬ ಶಬ್ದವನ್ನು ಬಳಸಬೇಡಿರಿ. ಬಳಿಕ ಅವನು ಕೇಳಿದ ಪ್ರಶ್ನೆಗಳನ್ನು ಬರೆದಿಡಿರಿ.

೩. ಅಂಧಗಜ ನ್ಯಾಯದ ಕಥೆಯನ್ನು, ಕುರುಡರು ನಿಜವನ್ನು ಅರಿತುಕೊಳ್ಳುವಂತೆ ಬದಲಿಸಿ ಬರೆಯಿರಿ.