ಸ್ಟಾರ್ ಎಣಿಸುವ ಮೊದಲು ತಾಸು ಎಣಿಸಿ

ಅವ್ವನ ಕೋಣೆಗೆ ಏಸಿ ಕೊಳ್ಳುವಾಗ 9,000 ರೂಪಾಯಿ ಹೆಚ್ಚಿಗೆ ಕೊಟ್ಟು ಫೈವ್ ಸ್ಟಾರ್ ತಂದೆ. ತ್ರೀ ಸ್ಟಾರಿನದು 37,000, ಇದು 46,000. ಎರಡೂ ಒಂದೂವರೆ ಟನ್, ಎರಡೂ ಇನ್ವರ್ಟರ್. ಕಲಬುರಗಿಯಲ್ಲಿ ಮೇಲಂತಸ್ತಿನ ಕೋಣೆ ಎಂದರೆ ಮೇ ತಿಂಗಳ ಹಗಲಿಗಿಂತ ರಾತ್ರಿಯೇ ಕಷ್ಟ. 43 ಡಿಗ್ರಿ ಬಿಸಿಲಿಗೆ ಕಾದ ಸ್ಲ್ಯಾಬು ನಡುರಾತ್ರಿವರೆಗೂ ಕಾವು ಇಳಿಸುತ್ತಲೇ ಇರುತ್ತದೆ; ಹಾಸಿಗೆ ಪಕ್ಕದ ಗೋಡೆಗೆ ಕೈಯಿಟ್ಟರೆ ಆಗಲೂ ಬೆಚ್ಚಗಿರುತ್ತದೆ. ಎಪ್ಪತ್ತು ದಾಟಿದ, ಬಿಪಿ ಇರುವ ಜೀವ ಅದನ್ನು ಹೇಗೆ ತಡೆದೀತು? ಏಸಿ ಬೇಕೋ ಬೇಡವೋ ಎಂಬ ಚರ್ಚೆಯೇ ಏಳಲಿಲ್ಲ. ಯಾವುದನ್ನು ತರುವುದು ಎಂಬುದಕ್ಕೆ ಮಾತ್ರ ಪೆನ್ನು ಹಿಡಿದು ಕೂತೆ.

ಅಂಗಡಿಯ ಹುಡುಗ, "ಫೈವ್ ಸ್ಟಾರ್ ತಗೋರಿ ಸರ್, ಎರಡ್ ವರ್ಷದಾಗ ರೊಕ್ಕ ಹೊಳ್ಳಿ ಬರ್ತದ್ರಿ" ಎಂದ. ಹೇಗಪ್ಪ ಎಂದು ಕೇಳಿದರೆ ಸ್ಟಾರ್‌ಗಳನ್ನೇ ತೋರಿಸಿದ. ಉತ್ತರ ಇರುವುದು ಅದೇ ಲೇಬಲ್ಲಿನ ಸಣ್ಣ ಅಕ್ಷರಗಳಲ್ಲಿ. ತ್ರೀ ಸ್ಟಾರಿನ ಮೇಲೆ ವರ್ಷಕ್ಕೆ ಸುಮಾರು 1,000 ಯೂನಿಟ್ ಎಂದಿತ್ತು, ಫೈವ್ ಸ್ಟಾರಿನ ಮೇಲೆ 780. ಸ್ಟಾರ್ ಅಳತೆ ಗೊತ್ತುಮಾಡುವ ಕೇಂದ್ರ ಸಂಸ್ಥೆ ಬಿಇಇಯ ಲೆಕ್ಕದಲ್ಲಿ ವರ್ಷವೆಂದರೆ 1,600 ತಾಸು. ನಮ್ಮ ಮನೆಯ ವರ್ಷ ಎಷ್ಟು ತಾಸಿನದು ಎಂಬುದನ್ನು ನಾವೇ ಹೇಳಿಕೊಳ್ಳಬೇಕು.

ರಾತ್ರಿ ಎಂಟು ತಾಸಿನಂತೆ ತಿಂಗಳಿಗೆ 240 ತಾಸು. ತ್ರೀ ಸ್ಟಾರ್ 150 ಯೂನಿಟ್ ತಿನ್ನುತ್ತದೆ, ಫೈವ್ ಸ್ಟಾರ್ 117. ಉಳಿತಾಯ 33 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ತಿಂಗಳಿಗೆ 198. ಮಾರ್ಚ್‌ನಿಂದ ಜೂನ್‌ವರೆಗೆ ನಾಲ್ಕು ತಿಂಗಳಿಗೆ 792. ಹೆಚ್ಚಿಗೆ ಕೊಟ್ಟ 9,000 ಹೊಳ್ಳಿ ಬರಲು ಹನ್ನೊಂದು ವರ್ಷ ಬೇಕು. ಅಷ್ಟರಲ್ಲಿ ಯಂತ್ರವೇ ಮುದಿಯಾಗಿರುತ್ತದೆ. ಹಗಲು ರಾತ್ರಿ ಸೇರಿ ಹದಿನಾರು ತಾಸು ಓಡಿಸುವ ಮನೆಯಲ್ಲೂ ಐದೂವರೆ ವರ್ಷಕ್ಕೆ ಕಡಿಮೆಯಿಲ್ಲ.

ಹಾಗಿದ್ದೂ ನಾನು ಫೈವ್ ಸ್ಟಾರನ್ನೇ ತಂದದ್ದು ರಾಜ್ಯ ಸರ್ಕಾರದ ಪುಕ್ಕಟೆ ಕರೆಂಟಿನ ಯೋಜನೆ ಗೃಹಜ್ಯೋತಿಯಿಂದಾಗಿ. ಅವ್ವನ ಮನೆಗೆ ಬೇರೆ ಮೀಟರ್ ಇದೆ. ಏಸಿ ಬಿಟ್ಟರೆ ಬೇಸಿಗೆಯಲ್ಲಿ ಅಲ್ಲಿ 80 ಯೂನಿಟ್ ಖರ್ಚು, ಯೋಜನೆಯಲ್ಲಿ ಪುಕ್ಕಟೆ ಸಿಗುವ ಅರ್ಹತೆ 90. ಬಳಕೆ 200ರೊಳಗಿದ್ದರೆ ಅರ್ಹತೆ ಮೀರಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿತೋ, ಮೊದಲ ಯೂನಿಟ್‌ನಿಂದಲೇ ಪೂರ್ತಿ ಬಿಲ್ಲು. ಈಗ ಕೂಡಿಸಿ. ತ್ರೀ ಸ್ಟಾರ್ ಇದ್ದರೆ 80ಕ್ಕೆ 150 ಸೇರಿ 230, ಗೆರೆ ದಾಟಿತು, ಯೂನಿಟ್ ದುಡ್ಡೇ 1,380 ರೂಪಾಯಿ. ಫೈವ್ ಸ್ಟಾರ್ ಇದ್ದರೆ 197. ಅರ್ಹತೆಯ 90 ಕಳೆದು 107 ಯೂನಿಟ್ಟಿಗೆ 642. ವ್ಯತ್ಯಾಸ 738, ನಾಲ್ಕು ತಿಂಗಳಿಗೆ 2,952. ಮೂರು ಬೇಸಿಗೆ ಕಳೆದರೆ 9,000 ಹತ್ತಿರ ಹತ್ತಿರ ಮುಟ್ಟುತ್ತದೆ.

ಈ ಲೆಕ್ಕ ಕೂದಲೆಳೆಯ ಮೇಲೆ ನಿಂತಿದೆ, ಬಲ್ಲೆ. ಲೇಬಲ್ಲಿನ ಯೂನಿಟ್ ಕೋಣೆಯೊಳಗೆ 27 ಡಿಗ್ರಿ ಇಟ್ಟು ತೆಗೆದದ್ದು. 2020ರಿಂದ ಬರುವ ಏಸಿಗಳು 24ಕ್ಕೆ ಹೊಂದಿಸಿಕೊಂಡೇ ಶುರುವಾಗುತ್ತವೆ, ಒಂದೊಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟು ಉಳಿಯುತ್ತದೆ ಎಂದು ಬಿಇಇಯೇ ಹೇಳುತ್ತದೆ. ರಿಮೋಟು ಹಿಡಿದು 18ಕ್ಕೆ ಇಳಿಸಿ, ಮೇಲೆ ಕೌದಿ ಹೊದ್ದು ಮಲಗುವವರಿಗೆ ಯಾವ ಸ್ಟಾರೂ ದುಡ್ಡು ಉಳಿಸಿಕೊಡುವುದಿಲ್ಲ. ಅವ್ವನ ಕೋಣೆಯಲ್ಲಿ ಏಸಿ 27ರಲ್ಲಿರುತ್ತದೆ, ಫ್ಯಾನು ಸಣ್ಣಗೆ ತಿರುಗುತ್ತದೆ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೀರೆ ಸುತ್ತಿಟ್ಟಿದ್ದೇವೆ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೆಗೆದು ನಲ್ಲಿಯ ಕೆಳಗೆ ಹಿಡಿದರೆ ಬರುವ ಕೆಂಪು ನೀರು ನೋಡಬೇಕು. ನಮ್ಮ ಊರಿನ ಧೂಳಿಗೆ ಇದನ್ನು ಮಾಡದೆ ಗತಿಯಿಲ್ಲ. ಮಾಳಿಗೆಗೆ ದಪ್ಪಗೆ ಬಿಳಿ ಸುಣ್ಣ ಹೊಡೆಸುವುದನ್ನೂ ಬಿಡಬೇಡಿ, ಖರ್ಚು ಕಡಿಮೆ, ಫಲ ಆ ರಾತ್ರಿಯೇ ಗೊತ್ತಾಗುತ್ತದೆ.

ಬಳಕೆ ಹೇಗೂ 200 ಯೂನಿಟ್ ದಾಟುವ, ಏಸಿ ರಾತ್ರಿಯಷ್ಟೇ ಹಚ್ಚುವ ಮನೆಯವರು ತ್ರೀ ಸ್ಟಾರ್ ಕೊಂಡರೆ ಯಾವ ನಷ್ಟವೂ ಇಲ್ಲ. ಕೂಲರ್ ಕೂಡ ಏಪ್ರಿಲ್‌ನ ಒಣ ಬಿಸಿಲಿಗೆ ಚೆನ್ನಾಗಿಯೇ ನಡೆಯುತ್ತದೆ. ಜೂನ್ ಮಳೆ ಬಿದ್ದು ಸೆಕೆ ಶುರುವಾದರೆ ಉಪಯೋಗಕ್ಕಿಲ್ಲ.

ನನಗೆ ಸಿಟ್ಟು ಬರುವುದು ನೋ ಕಾಸ್ಟ್ ಇಎಂಐ ಮೇಲೆ. ಬಡ್ಡಿಯೇ ಇಲ್ಲ ಅನ್ನುತ್ತಾರೆ. ನಗದು ಕೊಟ್ಟರೆ ಬಿಡುತ್ತಿದ್ದ ಒಂದೂವರೆ ಎರಡು ಸಾವಿರ ಅಲ್ಲಿ ಸಿಗುವುದಿಲ್ಲ. ಮೇಲೆ ಪ್ರೊಸೆಸಿಂಗ್ ಫೀ. ಕ್ರೆಡಿಟ್ ಕಾರ್ಡ್ ಆದರೆ, ಇಲ್ಲವೆಂದ ಬಡ್ಡಿಯ ಮೇಲೆಯೇ ಶೇ 18 ಜಿಎಸ್‌ಟಿ! ಕರೆಂಟಿನಲ್ಲಿ ಮೂರು ವರ್ಷ ಪೈಸೆ ಪೈಸೆ ಕೂಡಿಸುವುದನ್ನು ಕೌಂಟರಿನಲ್ಲಿ ಒಂದು ಸಹಿಗೆ ಬಿಟ್ಟುಕೊಡುವುದು ಯಾವ ಜಾಣತನ? ಆರು ತಿಂಗಳು ಮೊದಲೇ ಆರ್‌ಡಿ ಕಟ್ಟಿ, ನಗದು ಹಿಡಿದು ಹೋಗಿ.

ಹೋಗುವುದಾದರೆ ನವೆಂಬರ್, ಡಿಸೆಂಬರಿನಲ್ಲಿ ಹೋಗಿ. 2025ರ ಸೆಪ್ಟೆಂಬರ್ 22ರಿಂದ ಏಸಿ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಚಳಿಗಾಲದಲ್ಲಿ ಚೌಕಾಸಿಗೂ ಜಾಗವಿರುತ್ತದೆ, ಫಿಟಿಂಗ್‌ನವರೂ ಹೇಳಿದ ದಿನಕ್ಕೆ ಬರುತ್ತಾರೆ. ಒಂದು ಎಚ್ಚರ: ಬಿಇಇ ಆಗಾಗ ಸ್ಟಾರ್ ಅಳತೆ ಬಿಗಿ ಮಾಡುತ್ತದೆ. 2022ರ ಜುಲೈಯಲ್ಲಿ ಹಾಗಾದಾಗ ಹಳೆಯ ಫೈವ್ ಸ್ಟಾರ್‌ಗಳು ಫೋರ್ ಸ್ಟಾರ್‌ಗೆ ಇಳಿದವು. ಉಳಿದ ಹಳೆಯ ಮಾಲನ್ನು ರಿಯಾಯಿತಿ ಎಂದು ಮುಂದಿಡಬಹುದು. ಲೇಬಲ್ಲಿನ ಅವಧಿ, ದಕ್ಷತೆ ಹೇಳುವ ಐಎಸ್‌ಇಇಆರ್, ವರ್ಷದ ಯೂನಿಟ್, ಈ ಮೂರನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಮನೆಗೆ ಬಂದು, ಹೋದ ವರ್ಷದ ಏಪ್ರಿಲ್, ಮೇ ತಿಂಗಳ ಜೆಸ್ಕಾಂ ಕರೆಂಟ್ ಬಿಲ್ಲು ಪಕ್ಕಕ್ಕಿಟ್ಟು ನೋಡಿ. ದುಡ್ಡು ಮರುದಿನ ಕೊಟ್ಟರಾಯಿತು.