ಬಿಸಿಲು ಕೊಡಿ, ವರ್ಬಿನಾ ಹಬ್ಬಿಸಿ

ಜನವರಿಯಲ್ಲಿ ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ನೋಡಿ ಬರುವಾಗ ನರ್ಸರಿಯ ಮುಂದೆ ನಿಂತು, ತುಂಬಾ ಹೂಬಿಟ್ಟ ವರ್ಬಿನಾ ಕುಂಡವೊಂದನ್ನು ಕೊಂಡು ತರುವವರು ಬಹಳ. ನೇರಳೆ, ಗುಲಾಬಿ, ಕೆಂಪು, ಬಿಳಿ ಗೊಂಚಲು ನೋಡಿದರೆ ಕೈ ತಡೆಯುವುದಿಲ್ಲ ನಿಜ. ಆದರೆ ಆಗ ತಂದ ಗಿಡ ಬೇರೂರಿ ಹಬ್ಬುವಷ್ಟರಲ್ಲಿ ಬೇಸಿಗೆ ಬಾಗಿಲಿಗೆ ಬಂದಿರುತ್ತದೆ. ಬೆಂಗಳೂರು, ಮೈಸೂರು ಕಡೆ ಇದನ್ನು ನೆಡಲು ಒಳ್ಳೆಯ ಕಾಲ ಅಕ್ಟೋಬರ್–ನವೆಂಬರ್. ಚಳಿಗಾಲವಿಡೀ ಹೂ ಸಿಗಬೇಕಾದರೆ ಈ ಲೆಕ್ಕ ತಪ್ಪಬಾರದು.

ವರ್ಬಿನಾದ ಮೂಲ ದಕ್ಷಿಣ ಅಮೆರಿಕ. ನಮ್ಮ ಕಾಡುಗಳನ್ನು ಆವರಿಸಿಕೊಂಡಿರುವ ಲಂಟಾನ ಕೂಡ ಇದೇ ಕುಟುಂಬದ್ದು. ಹೂಗೊಂಚಲನ್ನು ಹತ್ತಿರದಿಂದ ನೋಡಿದರೆ ನಂಟು ಕಾಣುತ್ತದೆ. ಹಾಗೆಂದು ಲಂಟಾನದ ಮೊಂಡುತನ ಇದಕ್ಕಿಲ್ಲ. ಹೈಬ್ರಿಡ್ ವರ್ಬಿನಾಕ್ಕೆ ನಮ್ಮ ಒಂದು ಮಳೆಗಾಲ ದಾಟುವುದೇ ಕಷ್ಟ. ಎಲೆ ಸಣ್ಣಗೆ ಸೀಳಿ, ದಾರದಂತೆ ಕಾಣುವ ಇನ್ನೊಂದು ಬಗೆಯಿದೆ. ಅದರ ಹೂ ಚಿಕ್ಕದು, ಹೆಚ್ಚಾಗಿ ನೇರಳೆ. ಗಿಡ ಮಾತ್ರ ಗಟ್ಟಿ. ಮೊದಲ ಬಾರಿ ಬೆಳೆಸುವವರಿಗೆ ನಾನು ಸೂಚಿಸುವುದು ಇದನ್ನೇ.

ಬೀಜದಿಂದ ಬೆಳೆಸುವುದಾದರೆ ಸೆಪ್ಟೆಂಬರ್‌ನಲ್ಲೇ ಬಿತ್ತಬೇಕು. ವರ್ಬಿನಾ ಬೀಜ ನಿಧಾನ. ಮೊಳಕೆಗೆ ಎರಡರಿಂದ ನಾಲ್ಕು ವಾರ ಬೇಕು, ಹಾಕಿದ್ದೆಲ್ಲ ಹುಟ್ಟುವುದೂ ಇಲ್ಲ. ಕೊಕೊಪೀಟ್ ತುಂಬಿದ ಟ್ರೇಯನ್ನು ಹಿಂದಿನ ದಿನವೇ ನೆನೆಸಿಟ್ಟು, ಮಾರನೆಯ ದಿನ ಬಿತ್ತಿ, ತೆಳುವಾಗಿ ಮುಚ್ಚಿ ಕತ್ತಲಲ್ಲಿಡಿ. ಬಿತ್ತಿದ ಮೇಲೆ ನೀರು ಸುರಿದರೆ ಬೀಜ ಕೊಳೆಯುತ್ತದೆ. ಮೊಳಕೆ ಕಂಡ ಕೂಡಲೇ ಬೆಳಕಿಗೆ ತನ್ನಿ.

ಇಷ್ಟು ತಾಳ್ಮೆ ಇಲ್ಲದವರಿಗೆ ಕಡ್ಡಿಯೇ ದಾರಿ. ದೊಡ್ಡಪತ್ರೆ ಕಡ್ಡಿ ಚುಚ್ಚಿದಷ್ಟೇ ಸುಲಭ. ಹೂವಿಲ್ಲದ ತುದಿಯನ್ನು ಮೂರು–ನಾಲ್ಕು ಇಂಚು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒಂದು ಗೆಣ್ಣಾದರೂ ಮಣ್ಣಿನೊಳಗೆ ಹೋಗುವಂತೆ ನೆರಳಲ್ಲಿ ನೆಡಿ. ಎರಡು–ಮೂರು ವಾರಕ್ಕೆ ಬೇರು ಬರುತ್ತದೆ. ಹೈಬ್ರಿಡ್ ಗಿಡದ ಬೀಜ ತೆಗೆದಿಟ್ಟರೆ ತಾಯಿಯ ಬಣ್ಣವೇ ಬರುತ್ತದೆ ಎನ್ನುವಂತಿಲ್ಲ. ಕಡ್ಡಿಯಲ್ಲಿ ಆ ಅನುಮಾನವಿಲ್ಲ.

ಮಣ್ಣು ಮತ್ತು ಜಾಗ

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳುವ ಜಾಗವೇ ಬೇಕು. ಇಲ್ಲಿ ರಾಜಿ ಬೇಡ. ಅರೆನೆರಳಿನಲ್ಲಿ ಬಳ್ಳಿ ಉದ್ದವಾಗುತ್ತದೆ, ಹೂ ಬರುವುದಿಲ್ಲ, ಎಲೆಗೆ ಬೂದಿ ರೋಗ ಬರುತ್ತದೆ. ಅಪಾರ್ಟ್‌ಮೆಂಟ್‌ನ ಉತ್ತರ ದಿಕ್ಕಿನ ಬಾಲ್ಕನಿಯಾದರೆ ಬೇರೆ ಗಿಡ ಆರಿಸಿಕೊಳ್ಳಿ.

ಕುಂಡಕ್ಕೆ ಕೆಮ್ಮಣ್ಣು, ಎರೆಗೊಬ್ಬರ, ಕೊಕೊಪೀಟ್ ಸಮಪಾಲು ಬೆರೆಸಿ, ಒಂದೆರಡು ಹಿಡಿ ದಪ್ಪ ಮರಳು ಸೇರಿಸಿ. ಬೇವಿನ ಹಿಂಡಿ ಒಂದು ಹಿಡಿ ಸಾಕು. ತಳದಲ್ಲಿ ತೂತು ಇದೆಯೇ ನೋಡಿಕೊಳ್ಳಿ. ನೇತುಹಾಕುವ ಪ್ಲಾಸ್ಟಿಕ್ ಕುಂಡಗಳಿಗೆ ಕೆಲವೊಮ್ಮೆ ತಟ್ಟೆ ಅಂಟಿಸಿರುತ್ತಾರೆ, ನೀರು ಅಲ್ಲೇ ನಿಲ್ಲುತ್ತದೆ. ಅದನ್ನು ಕಿತ್ತುಬಿಡಿ. ಹತ್ತು–ಹನ್ನೆರಡು ಇಂಚಿನ ಕುಂಡಕ್ಕೆ ಮೂರು ಸಸಿ ಸಾಕು. ಅಂಚಿನ ಹತ್ತಿರ ನೆಟ್ಟರೆ ಬಳ್ಳಿ ಬೇಗ ಹೊರಗೆ ಇಳಿಯುತ್ತದೆ.

ನೆಲದಲ್ಲಾದರೆ ಮಡಿಯನ್ನು ಅರ್ಧ ಅಡಿಯಾದರೂ ಎತ್ತರಿಸಿ. ಕಪ್ಪು ಮಣ್ಣಿನ ಸೀಮೆಯವರು ಇದನ್ನು ಮಾಡಲೇಬೇಕು. ಒಂದರಿಂದ ಒಂದೂವರೆ ಅಡಿ ಅಂತರ ಬಿಡಿ. ಶುರುವಿನಲ್ಲಿ ಮಡಿ ಖಾಲಿ ಕಾಣುತ್ತದೆ, ಆದರೂ ಒತ್ತಾಗಿ ನೆಡಬೇಡಿ. ಬಳ್ಳಿಯ ಗೆಣ್ಣು ನೆಲ ಮುಟ್ಟಿದಲ್ಲೆಲ್ಲ ಬೇರು ಬಿಡುವುದು ಇದರ ಗುಣ. ಬಳ್ಳಿಯನ್ನು ಬೇಕಾದ ಕಡೆ ತಿರುಗಿಸಿ, ಗೆಣ್ಣಿನ ಮೇಲೆ ಚಿಟಿಕೆ ಮಣ್ಣು ಹಾಕಿ ಸಣ್ಣ ಕಲ್ಲಿಟ್ಟರೆ ಖಾಲಿ ಜಾಗ ತಾನೇ ತುಂಬುತ್ತದೆ.

ನೀರು, ಕತ್ತರಿ

ಬೆರಳನ್ನು ಮಣ್ಣಿಗಿಳಿಸಿ ನೋಡಿ. ಮೇಲಿನ ಒಂದಿಂಚು ಒಣಗಿದ್ದರೆ ಮಾತ್ರ ನೀರು, ಅದೂ ಬೆಳಿಗ್ಗೆ, ಬುಡಕ್ಕೆ. ಸಂಜೆ ಪೈಪ್ ಹಿಡಿದು ಮೇಲಿನಿಂದ ನೆನೆಸುವ ಅಭ್ಯಾಸವೇ ಈ ಗಿಡದ ಮೊದಲ ಶತ್ರು. ಒದ್ದೆ ಎಲೆ ರಾತ್ರಿ ಕಳೆದರೆ ರೋಗಕ್ಕೆ ದಾರಿ. ನೇತಾಡುವ ಕುಂಡ ಮಾತ್ರ ಗಾಳಿಗೆ ಬೇಗ ಒಣಗುತ್ತದೆ, ದಿನವೂ ಮುಟ್ಟಿ ನೋಡಬೇಕು.

ಸಸಿ ಮೂರು–ನಾಲ್ಕು ಇಂಚಾದಾಗ ತುದಿ ಚಿವುಟಿ. ಎಳೆ ಚಿಗುರು ಚಿವುಟಲು ಮನಸ್ಸು ಬರುವುದಿಲ್ಲ, ಆದರೂ ಚಿವುಟಲೇಬೇಕು; ಕವಲೊಡೆಯುವುದು ಆಗಲೇ, ಪ್ರತಿ ಕವಲಿನ ತುದಿಗೂ ಗೊಂಚಲು. ಬಾಡಿದ ಗೊಂಚಲನ್ನು ಕೆಳಗಿನ ಎಲೆಯ ತನಕ ಕತ್ತರಿಸುತ್ತಿರಿ. ಹೂ ಕಡಿಮೆಯಾದಾಗ ಇಡೀ ಗಿಡದ ಮೂರನೇ ಒಂದು ಪಾಲು ಕತ್ತರಿಸಿ, ಒಂದು ಲೀಟರ್ ನೀರಿಗೆ 2 ಗ್ರಾಂ 19:19:19 ಗೊಬ್ಬರ ಕರಗಿಸಿ ಹಾಕಿ. ಕೆಲವೇ ವಾರಗಳಲ್ಲಿ ಮತ್ತೆ ಮೊಗ್ಗು. ಈ ಗೊಬ್ಬರ ಹದಿನೈದು ದಿನಕ್ಕೊಮ್ಮೆ ಸಾಕು. ಯೂರಿಯಾ ಬೇಡವೇ ಬೇಡ, ಬರೀ ಸೊಪ್ಪು ಬೆಳೆಯುತ್ತದೆ.

ಬಿಸಿಲೇರಿದಾಗ ಎಲೆ ಮಂಕಾಗಿ, ಅಡಿಯಲ್ಲಿ ಸಣ್ಣ ಬಲೆ ಕಂಡರೆ ಅದು ನುಸಿ. ಹೇನು, ಬಿಳಿನೊಣವೂ ಬರಬಹುದು. ಎಲ್ಲಕ್ಕೂ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ಸೋಪು ದ್ರಾವಣ ಕಲಸಿ ಇಳಿಹೊತ್ತಿನಲ್ಲಿ ಎಲೆಯಡಿಗೆ ಸಿಂಪಡಿಸಿ. ಹಗಲು ಹೂವಿಗೆ ಚಿಟ್ಟೆಗಳು ಬರುತ್ತವೆ, ಆ ಹೊತ್ತಿನಲ್ಲಿ ಏನನ್ನೂ ಸಿಂಪಡಿಸಬಾರದು.

ಏಪ್ರಿಲ್‌ನಲ್ಲಿ ಕುಂಡವನ್ನು ಮಧ್ಯಾಹ್ನದ ಬಿಸಿಲು ತಾಗದ ಕಡೆ ಸರಿಸಿ. ಮುಂಗಾರು ಶುರುವಾದಾಗ ಮಡಿಯ ಗಿಡ ಹೋದರೂ ಹೋಗಲಿ, ಒಂದೆರಡು ಕುಂಡಗಳನ್ನು ಮಳೆ ಬೀಳದ, ಬೆಳಕಿರುವ ಸೂರಿನಡಿ ಇಟ್ಟು ಕಡಿಮೆ ನೀರು ಕೊಡಿ. ಸೆಪ್ಟೆಂಬರ್‌ನಲ್ಲಿ ನೆಡಲು ಬೇಕಾದ ಕಡ್ಡಿಗಳು ಅವುಗಳಿಂದಲೇ ಸಿಗುತ್ತವೆ.