ಮೀನಿನೊಳಗಿನ ವಿಷ

ಜ್ವರ ನೋಡುವ ಗಾಜಿನ ಕಡ್ಡಿ ನಾವೆಲ್ಲ ನೋಡಿದ್ದೇವೆ. ಅದರೊಳಗೆ ಬೆಳ್ಳಿಯಂತೆ ಹೊಳೆಯುವುದು ಪಾದರಸ. ಅದು ವಿಷ. ಆ ವಿಷದ ಕಥೆ ಓದೋಣ.

ಜಪಾನ್ ದೇಶದಲ್ಲಿ ಮಿನಮಾಟ ಎಂಬ ಊರಿದೆ. ಕಡಲ ದಡದ ಊರು. ದಿನವೂ ಮೀನಿನ ಊಟ. ಅಲ್ಲಿಯ ಕಾರ್ಖಾನೆ ಪಾದರಸ ಬೆರೆತ ಕೊಳೆನೀರನ್ನು ಕಡಲಿಗೆ ಬಿಟ್ಟಿತು. ವಿಷ ಕೆಸರಿಗೆ ಸೇರಿತು. ಕೆಸರಿನಿಂದ ಸಣ್ಣ ಮೀನಿಗೆ ಬಂತು. ಸಣ್ಣ ಮೀನನ್ನು ದೊಡ್ಡ ಮೀನು ತಿಂತು. ವಿಷ ಹೆಚ್ಚುತ್ತಾ ಹೋಯ್ತು. ಎಷ್ಟು ಬೇಯಿಸಿದರೂ ಈ ವಿಷ ಹೋಗದು.

ಮೀನು ತಿಂದ ಬೆಕ್ಕುಗಳು ತೂರಾಡಿ ಸತ್ತವು. ಆಮೇಲೆ ಜನರ ಸರದಿ. ಕೈಕಾಲು ಜೋಮು ಹಿಡಿಯಿತು. ಮಾತು ತೊದಲಿತು. 1956ರಲ್ಲಿ ರೋಗ ಬೆಳಕಿಗೆ ಬಂತು. ಗಟ್ಟಿಮುಟ್ಟಾಗಿ ಕಂಡ ತಾಯಂದಿರಿಗೂ ರೋಗದ ಕೂಸುಗಳು ಹುಟ್ಟಿದವು. ಹೊಟ್ಟೆಯಲ್ಲಿರುವಾಗಲೇ ವಿಷ ಕೂಸಿಗೆ ಸೇರಿತ್ತು. ಆ ಕೊಳೆನೀರು ನಿಂತದ್ದು 1968ರಲ್ಲಿ. 12 ವರ್ಷ ತಡವಾಗಿ!

ನಾವೇನು ಮಾಡೋಣ? ಗಾಜಿನ ಕಡ್ಡಿ ಒಡೆದರೆ ಮಕ್ಕಳನ್ನು ದೂರ ಕಳಿಸೋಣ. ಕಿಟಕಿ ತೆರೆಯೋಣ. ಪಾದರಸವನ್ನು ಕೈಯಿಂದ ಮುಟ್ಟಬಾರದು. ಪೊರಕೆಯಿಂದ ಗುಡಿಸಬಾರದು. ದಪ್ಪ ಕಾಗದದಿಂದ ಎತ್ತಿ, ಮುಚ್ಚಳದ ಬಾಟ್ಲಿಗೆ ಹಾಕೋಣ. ಮುಂದೇನು ಮಾಡಬೇಕೆಂದು ಆಸ್ಪತ್ರೆಯಲ್ಲಿ ಕೇಳೋಣ. ಮೋರಿಗೆ ಮಾತ್ರ ಚೆಲ್ಲಬಾರದು. ಮೋರಿ ನೀರು ಕೆರೆಗೆ ಹೋಗುತ್ತದೆ. ಕೆರೆ ಮೀನು ನಮ್ಮ ತಟ್ಟೆಗೇ ಬರುತ್ತದೆ.

ಉತ್ತರ ಹೇಳಿ: ಕಡಲಿನ ವಿಷ ಕೂಸಿಗೆ ಹೇಗೆ ಬಂತು?